ಮೊದಲ ಪದ ನುಂಗುವ ಲ್ಯಾಪ್‌ಟಾಪ್

ನವೆಂಬರ್ ೩, ಸೋಮವಾರ. ಬೆಳಿಗ್ಗೆ

ಮತ್ತೆ ಕಪ್ಪು.

ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದೆ. ಒಳಗಿನ ಖೋಲಿಯಿಂದ ಟಕ್ ಟಕ್ ಟಕ್. ಅತ್ತೆ ಎಡಗೈ ಬಳೆಯಿಂದ ಮಂಚದ ಕಬ್ಬಿಣ ಬಡಿಯುತ್ತಿದ್ದಾರೆ. ಅಂದರೆ ಸ್ಕ್ರೀನು ಆರಿದೆ, ಬಾ ಅಂತ. ಹೋದೆ. ಪಾಸ್‌ವರ್ಡ್ ಕೇಳುತ್ತಿದೆ. ಒತ್ತಿದೆ. ತಪ್ಪು ಅಂದಿತು. ಕೀಬೋರ್ಡ್ ಕನ್ನಡದಲ್ಲೇ ನಿಂತಿತ್ತು. ಇಂಗ್ಲಿಷಿಗೆ ತಿರುಗಿಸಿ ಮತ್ತೆ ಒತ್ತಿದೆ. ತೆರೆಯಿತು. ಅತ್ತೆ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಲ್ಯಾಪ್‌ಟಾಪ್ ತನ್ನ ಕೊಡದೊಳಗಿನ ದನಿಯಲ್ಲಿ ಹೇಳಿತು: “ಒಗ್ಗರಣಿ ಸೀದ ವಾಸನಿ ಬರ್ಲತ್ತದ.”

ಹೌದು. ಸೀದಿತ್ತು.

ಆಗಸ್ಟಿನಲ್ಲಿ ಲಕ್ವಾ ಹೊಡೆದು ಅತ್ತೆಯ ಬಲಗಡೆ ಹೋಯಿತು, ನಾಲಿಗೆ ಹೋಯಿತು. ಬುದ್ಧಿಗೆ ಏನೂ ಆಗಿಲ್ಲ. ಔರಾದದ ಸಾಲೆಯಲ್ಲಿ ಇಡೀ ನೌಕರಿ ಗಣಿತ ಕಲಿಸಿದ ಸುಭದ್ರಾಬಾಯಿ ಟೀಚರ್ ಅವರ ಬುದ್ಧಿ. ನನ್ನ ಮದುವೆಯಾದ ಲಾಗಾಯ್ತು ಆ ನಾಲಿಗೆಯ ಕೆಳಗೇ ಬದುಕಿದ್ದೇನೆ. ಈಗ ಅದನ್ನು ಚಾಲೂ ಇಡುವ ಕೆಲಸವೂ ನನ್ನದೇ.

ನವೆಂಬರ್ ೪, ಮಂಗಳವಾರ

ಲ್ಯಾಪ್‌ಟಾಪ್ ಮಗಳು ಸಾನಿಕಾಳ ಕಾಲೇಜಿನದು, ಹಳೆಯದು. ರಿಪೇರಿ ಅಂಗಡಿಯ ನದೀಮ ನೋಡಿ ಹೇಳಿದ್ದ: “ಇದರಾಗ ಹೊಸಾ ವಿಂಡೋಸ್ ನಡ್ಯಂಗಿಲ್ರಿ ಮೇಡಂ. ಲಿನಕ್ಸ್ ಹಾಕ್ತೇನಿ. ಫ್ರೀ ಅದ, ಹಗೂರ ಅದ. ಬ್ಯಾಟ್ರಿ ಉಳಿಸೋದು ಭೀ ಒಂದು ಹಾಕಿರ್ತೇನಿ.” ಹಾಕಿ ಕೊಟ್ಟ. ಕನ್ನಡ ಬರೆದರೆ ಓದಿ ಹೇಳುವುದನ್ನು ನಾನೇ ಕೂಡಿಸಿದೆ. ಲಗ್ನಪತ್ರಿಕೆಯ ಡಿಟಿಪಿ ಮಾಡುವವಳು, ಇಷ್ಟು ಬಾರದೇ ಇರುತ್ತದೆಯೇ ಎಂಬ ಸೊಕ್ಕು.

ಇವತ್ತು ಸೊಕ್ಕು ಇಳಿಯಿತು. ಸೆಟ್ಟಿಂಗ್ಸ್, ಪವರ್, ಸ್ಕ್ರೀನ್ ಬ್ಲ್ಯಾಂಕ್. ಐದು ನಿಮಿಷ ಅಂತ ಇದ್ದದ್ದನ್ನು ‘ನೆವರ್’ ಮಾಡಿದೆ. ಗೆದ್ದೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸ್ಕ್ರೀನಷ್ಟೇ ಅಲ್ಲ, ಇಡೀ ಮಶೀನೇ ಮಲಗಿತು. ಸಸ್ಪೆಂಡ್ ಬೇರೆಯಂತೆ. ಅದನ್ನೂ ಬಂದ್ ಮಾಡಿದೆ. ಆಮೇಲೆ ಬೆಳಕು ತಾನೇ ಮಂದವಾಯಿತು. ಅದಕ್ಕೆ ಇನ್ನೊಂದು ಗುಂಡಿ. ಲಾಕ್ ಮತ್ತೊಂದು ಕಡೆ, ಪ್ರೈವೆಸಿಯ ಒಳಗೆ. ಒಂದೇ ಮನೆಯ ದೀಪಕ್ಕೆ ನಾಲ್ಕು ಓಣಿಯಲ್ಲಿ ನಾಲ್ಕು ಸ್ವಿಚ್ಚು.

ನನ್ನ ಯಜಮಾನರು ಮಕರಂದ ಪೇಪರ್ ಓದುತ್ತಲೇ ಹೇಳಿದರು: “ಕರೆಂಟ್ ಉಳಿಸ್ಲಾಕ ಅಂತ ಮಾಡ್ಯಾರ. ಛಲೋನೇ ಅದಲ್ಲ.”

“ನಿಮ್ಮ ಬಾಯಿಗಿ ಹಂಗ ಒಂದು ಕೂಡಿಸ್ಲಿ ಏನ್ರಿ?”

ಪೇಪರ್ ಮಡಚಿ ಸ್ನಾನಕ್ಕೆ ಹೋದರು.

ನವೆಂಬರ್ ೭, ಶುಕ್ರವಾರ. ಮಧ್ಯಾಹ್ನ

ಮೂರು ದಿನದಿಂದ ಮಲಗಿಲ್ಲ — ಲ್ಯಾಪ್‌ಟಾಪ್. ಗೆದ್ದೆ.

ಗೆದ್ದದ್ದರ ಫಲ, ಅತ್ತೆಯ ಮಾತು ನಿಂತಿಲ್ಲ: ಸಾರಿಗೆ ಉಪ್ಪು ಕಮ್ಮಿ. ಕಿಟಕಿ ಪಡದಿ ತೊಳ್ಯೋದದ. ನಿನ್ನ ಪತ್ರಿಕಾದಾಗ ‘ಆಶೀರ್ವಾದ’ ತಪ್ಪು ಬರ್ದೀದಿ. (ತಪ್ಪೇ ಆಗಿತ್ತು. ಪ್ರಿಂಟ್ ಆಗುವ ಮೊದಲು ಕಂಡಿತು, ಪುಣ್ಯ.)

ಗಂಡಸಿನ ದನಿ ಬೇಡವೆಂದರು. ಹೆಂಗಸಿನದು ಹಾಕಿದೆ. ನೆಗಡಿ ಬಂದ ಗಂಡಸಿನ ಹಾಗೆ ಕೇಳಿಸಿತು. “ಮೊದಲಿಂದೇ ಇರ್ಲಿ,” ಅಂದರು.

ಭಾನುವಾರ ಭಾಲ್ಕಿಯಿಂದ ಪರಾಗ ಭಾವ ಬರುತ್ತಾರೆ. ಮಕರಂದರ ಅಣ್ಣ. ಅವರ ಹೊಸ ಮನೆಯಲ್ಲಿ ಕೆಳಗೊಂದು ದೊಡ್ಡ ಖೋಲಿ ಖಾಲಿ ಇದೆ, ವ್ಹೀಲ್‌ಚೇರ್ ತಿರುಗುತ್ತದೆ. ಅತ್ತೆಯನ್ನು ಅಲ್ಲಿಗೆ ಕರೆದೊಯ್ಯುವ ಮಾತು. ಇಲ್ಲಿ ಬಾತ್‌ರೂಮಿಗೆ ಮೆಟ್ಟಿಲು. ದಿನಾ ಇಬ್ಬರೂ ಹಿಡಿದು ಇಳಿಸಬೇಕು, ನನ್ನ ನಡು ಹೋಗಿದೆ. ಹೋದರೆ ನನಗೆ... ಸುಳ್ಳು ಯಾಕೆ ಬರೆಯಲಿ. ಹಗುರಾಗುತ್ತದೆ.

ನವೆಂಬರ್ ೯, ಭಾನುವಾರ. ಸಂಜೆ

ಮುಗಿಯಿತು. ಅತ್ತೆ ಒಪ್ಪಿದರು.

ಅವರನ್ನು ಪಡಸಾಲೆಗೆ ತಂದು ಕೂರಿಸಿದೆವು, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಲ್ಯಾಪ್‌ಟಾಪ್. ನಾನು ಚಹಾಕ್ಕೆ ಒಳಗೆ ಬಂದೆ. ಹೊರಗೆ ಅಣ್ಣತಮ್ಮಂದಿರು ಖೋಲಿಯ ಅಳತೆ, ಆಳು, ಡಾಕ್ಟರು ಅಂತ ಮಾತಾಡಿದರು. ಎಲ್ಲ ಮುಗಿದ ಮೇಲೆ ಮಕರಂದ ಕೇಳಿದರು: “ಆಯಿ, ದಾದಾನ ಮನಿಗಿ ಹೋಗ್ತಿ?”

ಟಕ್... ಟಕ್... ಬಹಳ ಹೊತ್ತು. ಆಮೇಲೆ ಆ ಕೊಡದ ದನಿ: “ಹೋಗ್ತೇನಿ.”

ಭಾವನ ಕಣ್ಣು ತುಂಬಿತಂತೆ. ನಾನು ಚಹಾದ ತಟ್ಟೆ ಹಿಡಿದು ಬರುವಷ್ಟರಲ್ಲಿ ಮುಂದಿನ ಭಾನುವಾರ ಅಂತ ನಿಶ್ಚಯವೂ ಆಗಿತ್ತು. ಅತ್ತೆ ಮತ್ತೆ ಏನೋ ಒತ್ತಲು ಕೈ ಎತ್ತಿದರು. ಸ್ಕ್ರೀನು ಆಗಲೇ ಕಪ್ಪು. ಮಲಗಿಬಿಟ್ಟಿತ್ತು, ನಾನು ಎಲ್ಲಾ ಬಂದ್ ಮಾಡಿದ್ದರೂ. ಅತ್ತೆ ಹಲಗೆ ಬಡಿದರು. ಭಾವ ಆ ಕೈ ಹಿಡಿದುಕೊಂಡು, “ಇರ್ಲಿ ಆಯಿ, ದಣಕೋಬ್ಯಾಡ, ಸಮಝ್ ಆಗ್ಯದ,” ಅಂದರು.

ಆಗಿನಿಂದ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಊಟ ಮಾಡಿಲ್ಲ. ಮನೆ ಬಿಡುವ ದುಃಖ ಇರಬಹುದು.

ನವೆಂಬರ್ ೧೦, ಸೋಮವಾರ

ಮನೆ ಬಿಡುವ ದುಃಖ ಅಲ್ಲ.

ಬೆಳಿಗ್ಗೆ ಚಾರ್ಜರ್ ಸಿಕ್ಕಿಸಿ ಲ್ಯಾಪ್‌ಟಾಪ್ ಮುಂದಿಟ್ಟೆ. ನನ್ನನ್ನು ನೋಡದೆ ಒತ್ತಿದರು. “ಔರಾದಕ್ಕ ಹೋಗ್ತೇನಿ ಅಂದೆ. ಯಾರೂ ಕೇಳ್ಲಿಲ್ಲ.”

“ಔರಾದಕ್ಕ? ಔರಾದದಾಗ ಯಾರವ್ರ ಅತ್ತಿ?”

“ಆಬೇದಾ.”

ಆಬೇದಾ ಟೀಚರ್ ಅತ್ತೆಯ ಜೊತೆ ಅದೇ ಸಾಲೆಯಲ್ಲಿ ಕನ್ನಡ ಕಲಿಸಿದವರು. ನಿವೃತ್ತಿಯಾಗಿ ಅಣ್ಣನ ಮಗ ಫರ್ದೀನನ ಸಂಸಾರದ ಜೊತೆ ಔರಾದದಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಬಸ್ ಹಿಡಿದು ಬೀದರಿಗೆ ನೋಡಲು ಬರುತ್ತಾರೆ.

ನನಗೆ ಕೇಳಿದ್ದು “ಹೋಗ್ತೇನಿ” ಒಂದೇ. ಗಂಡಸರಿಗೂ ಅಷ್ಟೇ. ಹಾಗಾದರೆ ‘ಔರಾದಕ್ಕ’ ಎಲ್ಲಿ ಹೋಯಿತು?

ಚಾರ್ಜರ್ ಕಿತ್ತೆ. ಪಡಸಾಲೆಯಲ್ಲಿ ಹೇಗಿತ್ತೋ ಹಾಗೆ. ಸುಮ್ಮನೆ ಒಂದಿಷ್ಟು ಹೊತ್ತು ಬಿಟ್ಟು ಬರೆದೆ: ನನಗೆ ಚಹಾ ಬೇಡ. ಎಂಟರ್.

“ಚಹಾ ಬೇಡ.”

ಮತ್ತೆ ಬಿಟ್ಟು: ಪರಾಗ ಬಂದರು. “...ಬಂದರು.” ಚಾರ್ಜರ್ ಹಾಕಿದೆ: “ಪರಾಗ ಬಂದರು.” ಕಿತ್ತೆ: “...ಬಂದರು.”

ಬ್ಯಾಟರಿಯ ಮೇಲಿದ್ದಾಗ ಮೊದಲ ಪದ ನುಂಗುತ್ತದೆ. ಅತ್ತೆ ನೋಡುತ್ತಿದ್ದರು. ಮೊನ್ನೆ ಏನಾಯಿತು ಅಂತ ಅವರಿಗೂ ಈಗಷ್ಟೇ ತಿಳಿಯಿತು. ಕೆಟ್ಟ ಸಿಟ್ಟು ಬಂದು ನಕ್ಕರೋ ಅತ್ತರೋ, ಆ ಅರ್ಧ ಮುಖದಲ್ಲಿ ಗೊತ್ತಾಗಲಿಲ್ಲ.

ನವೆಂಬರ್ ೧೧, ಮಂಗಳವಾರ

ಎರಡು ಪತ್ರಿಕೆ ಇವತ್ತೇ ಕೊಡಬೇಕಿತ್ತು. ಕೊಟ್ಟಿಲ್ಲ. ಇಡೀ ದಿನ ಇದೇ.

ಬ್ಯಾಟರಿಗೆ ಪವರ್ ಸೆಟ್ಟಿಂಗೇ ಬೇರೆ. ಚಾರ್ಜರಿಗೆ ಒಂದು, ಬ್ಯಾಟರಿಗೆ ಒಂದು. ನಾನು ಬದಲಿಸಿದ್ದು ಚಾರ್ಜರಿನದು ಮಾತ್ರ. ಮಲಗಿದ್ದು ಅದಕ್ಕೇ. ಸರಿ, ಬದಲಿಸಿದೆ. ಆದರೆ ನುಂಗುವುದು ನಿಲ್ಲಲಿಲ್ಲ.

ಇಂಟರ್ನೆಟ್ಟಿನ ಫೋರಂಗಳಲ್ಲಿ ಹುಡುಕಿದೆ. ಇದೇ ತೊಂದರೆ ಕೇಳಿದವನೊಬ್ಬ ಸಿಕ್ಕ. ಕೆಳಗೆ ಒಬ್ಬರ ಉತ್ತರ: ನನ್ನ ಮಶೀನಿನಲ್ಲಿ ಸರಿ ಇದೆ. ಇನ್ನೊಬ್ಬರು: ಬೇರೆ ಲಿನಕ್ಸ್ ಹಾಕಿ. ಕೊನೆಗೆ ಕೇಳಿದವನೇ ಬರೆದಿದ್ದಾನೆ: ಸರಿಹೋಯಿತು, ಎಲ್ಲರಿಗೂ ಧನ್ಯವಾದ. ಹೇಗೆ ಸರಿಹೋಯಿತು ಅಂತ ಬರೆದಿಲ್ಲ. ಆ ಮನುಷ್ಯನ ಮನೆಯ ಹಾಲು ಒಡೆಯಲಿ.

ನದೀಮನಿಗೆ ಫೋನು ಹಚ್ಚಿದೆ. “ಸ್ಪೀಕರ್ ಹೋಗಿರ್ಬೇಕು ಮೇಡಂ, ತಗೊಂಡು ಬರ್ರಿ.” ಸ್ಪೀಕರ್ ಹೋಗಿಲ್ಲಪ್ಪ, ಮಲಗುತ್ತದೆ ಅಂದೆ. ಅಂದ ಮೇಲೆ ನನಗೇ ಹೊಳೆಯಿತು. ಸ್ಪೀಕರೂ ಮಲಗುತ್ತದೆಯೇ?

ಮಲಗುತ್ತದೆ. ಶಬ್ದದ ಚಿಪ್‌ಗೂ ಪವರ್ ಸೇವಿಂಗ್ ಇದೆಯಂತೆ. ಒಂದು ಸೆಕೆಂಡು ಸುಮ್ಮನಿದ್ದರೆ ನಿದ್ದೆ. ಮಾತು ಬಂದಾಗ ಎದ್ದು ಕಣ್ಣು ತಿಕ್ಕುವಷ್ಟರಲ್ಲಿ ಮೊದಲ ಪದ ಹೋಗಿರುತ್ತದೆ. ನದೀಮ ಬ್ಯಾಟರಿ ಉಳಿಸಲು ಹಾಕಿದ್ದು ಇದೇ. ಅದರ ಫೈಲು ತೆರೆದು, ‘ಒಂದು’ ಇದ್ದಲ್ಲಿ ‘ಸೊನ್ನೆ’ ಬರೆದೆ. ಸೇವ್ ಆಗಲಿಲ್ಲ, ಪರ್ಮಿಷನ್ ಇಲ್ಲ. ಪಾಸ್‌ವರ್ಡ್ ಕೊಟ್ಟು ಮತ್ತೆ ಬರೆದೆ. ರೀಸ್ಟಾರ್ಟ್.

ಚಾರ್ಜರ್ ಕಿತ್ತು ಅತ್ತೆಯ ಮುಂದಿಟ್ಟೆ. ಬೇಕಂತಲೇ ಬಹಳ ಹೊತ್ತು ಬಿಟ್ಟು ಒತ್ತಿದರು.

“ಔರಾದಕ್ಕ ಹೋಗ್ತೇನಿ.”

ಪೂರ್ತಿ.

ಅದೇ ದಿನ, ಸಂಜೆ

ಮಕರಂದರಿಗೆ ಹೇಳಿದೆ. ಶೂ ಬಿಚ್ಚುತ್ತಾ ಕೂತರು. “ಈಗ ಎಲ್ಲಾ ಠರಾವ್ ಆಗ್ಯದ, ಮಂಜಿರಿ. ದಾದಾ ಮಂಚ ತರ್ಸ್ಯಾನ. ಯಾಕ ಕೆದಕ್ಲತ್ತೀದಿ? ನಿಂಗೂ ಆರಾಮ ಆಗ್ತಿತ್ತು.”

“ಅವರು ಅನ್ನದಿದ್ದ ಮಾತು ಅದು.”

“ಅರ್ಧ ಅಂದಿದ್ರಲ್ಲ.”

ನನಗೂ ಅರ್ಧವೇ ಸಾಕಾಗಿತ್ತು, ನಿನ್ನೆಯವರೆಗೆ.

ನವೆಂಬರ್ ೧೬, ಭಾನುವಾರ. ಸಂಜೆ

ಭಾವ ಗಾಡಿ ತಂದಿದ್ದರು, ಹಾಸಿಗೆ ಹಾಕಿಸಿಕೊಂಡು.

ಹೇಳಿದೆ. ನಂಬಲಿಲ್ಲ. “ಮಶೀನ್ ಹೋದ ವಾರ ಒಂದ್ ಅಂತದ, ಈ ವಾರ ಒಂದ್ ಅಂತದ. ನೀ ರಿಪೇರಿ ಮಾಡ್ದಿ ಅಂತಿ. ಏನ್ ರಿಪೇರಿ ಮಾಡ್ದಿ, ನಂಗೇನ್ ಗೊತ್ತದ?”

ಮೈ ಉರಿಯಿತು. ಹೇಳಿದೆ: “ಭಾವ್ರೇ, ನಾ ಆ ಕಡೆ ಗ್ವಾಡಿಗಿ ನಿಲ್ತೇನಿ. ನೀವೇ ಕೇಳ್ರಿ. ಎಷ್ಟು ಹೊತ್ತಾದ್ರೂ ನಡುವ ಮಾತಾಡಬ್ಯಾಡ್ರಿ.”

ಕೇಳಿದರು. ಅತ್ತೆ ಒತ್ತತೊಡಗಿದರು. ಹೊರಗೆ ತರಕಾರಿಯವನು ಬಂದು ಹೋದ. ಮಕರಂದರ ಫೋನು ರಿಂಗಾಯಿತು, ಕಟ್ ಮಾಡಿದರು. ಭಾವ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಅಮ್ಮ ಒಂದು ಸಾಲು ಹೇಳಲು ಎಷ್ಟು ಕಷ್ಟಪಡುತ್ತಾರೆ ಅಂತ ಅವರಿಬ್ಬರೂ ಇಷ್ಟು ದಿನ ಕೂತು ನೋಡಿರಲಿಲ್ಲ.

“ಪರಾಗ, ನಿನ್ನ ಮನಿ ಛಲೋ ಅದ. ಈ ಮನಿ ಭೀ ಛಲೋ ಅದ. ಎಲ್ಲಾರೂ ನಂಗ ಕೇಳ್ತೀರಿ, ಊಟ ಆಯ್ತಾ, ಗುಳಗಿ ತಗೊಂಡಿ ಏನು ಅಂತ. ಆಬೇದಾ ನನ್ನ ಸಂಗಾಟ ಜಗಳಾ ಮಾಡ್ತಾಳ.”

ಗೋಡೆಯ ಹತ್ತಿರ ನಿಂತೇ ಲೆಕ್ಕ ಹಾಕಿದೆ. ದಿನಕ್ಕೆ ಎಷ್ಟು ಸಲ ಕೇಳುತ್ತೇನೆ ಆ ಎರಡೇ ಪ್ರಶ್ನೆ. ಬೇರೆ ಏನಾದರೂ ಕೇಳಿದ್ದೇನೆಯೇ?

ಭಾವ ಸಣ್ಣ ದನಿಯಲ್ಲಿ ಅಂದರು: “ಇಬ್ಬರು ಮಕ್ಳು ಇದ್ದು ಆಯಿನ ಬ್ಯಾರೇರ ಮನ್ಯಾಗ ಇಟ್ರು ಅಂತ ಮಂದಿ ಮಾತಾಡ್ತಾರ. ಅದೂ ಅವರ ಮನ್ಯಾಗ.”

ಮತ್ತೆ ಟಕ್ ಟಕ್. ಈ ಸಲ ಬೇಗ.

“ಮಾತಾಡ್ಲಿ. ಅವರಿಗಿ ಬಾಯಿ ಅದ.”

ಮಕರಂದ ನಕ್ಕುಬಿಟ್ಟರು. ಆಮೇಲೆ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಭಾವ ಖಾಲಿ ಗಾಡಿ ತೆಗೆದುಕೊಂಡು ಭಾಲ್ಕಿಗೆ ಹೋದರು. ಚಹಾ ಕುಡಿಯಲಿಲ್ಲ.

ನವೆಂಬರ್ ೧೮

ಆಬೇದಾ ಟೀಚರಿಗೆ ಫೋನು. ಹಿಂಜರಿಯುತ್ತಲೇ ಕೇಳಿದೆ.

“ಆಸ್ಪತ್ರ್ಯಾಗೇ ಹೇಳಿದ್ದೆ ಬೇಟಾ, ನಮ್ಮಲ್ಲಿ ಕಳಸ್ರಿ ಅಂತ. ಯಾರೂ ಕೇಳ್ಲಿಲ್ಲ. ಮೈ ತೊಳೆಯೋ ಹೆಣ್ಮಗಳು ಬರ್ತಾಳ. ಸುಭದ್ರಾನ ಅಡಗಿ ಬ್ಯಾರೆ ಒಲಿ ಮ್ಯಾಲೆ ಆಗ್ತದ, ಅದರ ಫಿಕರ್ ಬ್ಯಾಡ. ಮೆಟ್ಲಿಲ್ಲ ನಮ್ಮನಿಗಿ. ಒಂದೇ ಮಾತು — ಆಕಿ ಮಶೀನ್ ನಂಗ ನಡ್ಸಾಕ ಬರಂಗಿಲ್ಲ. ಅದು ನೀ ನೋಡ್ಬೇಕು.”

ನೋಡುತ್ತೇನೆ ಅಂದೆ. ಆಗ ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್ ಬಂದಿದೆ ಅಂತ ತೋರಿಸುತ್ತಿತ್ತು. ಒತ್ತಿಬಿಟ್ಟೆ. ನನ್ನ ಬುದ್ಧಿಗೆ ಏನನ್ನಬೇಕು.

ನವೆಂಬರ್ ೧೯

ಅಪ್‌ಡೇಟ್ ಆದ ಮೇಲೆ ಕನ್ನಡ ಕೀಬೋರ್ಡ್ ಮಾಯ. ಅತ್ತೆ ಒತ್ತಿದ್ದೆಲ್ಲ ಇಂಗ್ಲಿಷ್. ಲ್ಯಾಪ್‌ಟಾಪ್ ಆ ಗೊಂದಲವನ್ನು ಒಂದೊಂದೇ ಅಕ್ಷರವಾಗಿ, ಭಕ್ತಿಯಿಂದ, ಓದಿತು. ಕೀಬೋರ್ಡ್ ಮತ್ತೆ ಕೂಡಿಸುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು. ಮೊದಲು ಬಂದ ಮಾತು ಅದರ ಬಗ್ಗೆಯೇ.

ನವೆಂಬರ್ ೨೩, ಭಾನುವಾರ

ಬಿಟ್ಟು ಬಂದೆವು. ಗಾಡಿ ಭಾವನದು. ಕರೆಯದೇ ಬಂದಿದ್ದರು. ಭಾಲ್ಕಿಯ ಹೊಸ ಮಂಚವನ್ನೂ ಮೇಲೆ ಕಟ್ಟಿಕೊಂಡು ಬಂದಿದ್ದರು. ಆಬೇದಾ ಟೀಚರ ಅಂಗಳದಲ್ಲಿ ಮಂಚ ತಾವೇ ಇಳಿಸಿ, ತಾವೇ ಜೋಡಿಸಿದರು. ಅಲ್ಲಾಡುತ್ತದೆಯೋ ಅಂತ ಕೂತು ನೋಡಿದರು.

ನಾವು ಹೊರಡುವ ಮೊದಲೇ ಒಳಗೆ ಶುರುವಾಗಿತ್ತು. ಯಾವುದೋ ಹಳೆಯ ಹೆಡ್‌ಮಾಸ್ತರು ಯಾವ ಊರಿನವರು ಅಂತ. ಆಬೇದಾ ಟೀಚರ್ ಕಮಠಾಣ ಅನ್ನುತ್ತಾರೆ. ಅತ್ತೆ ಒತ್ತುತ್ತಿದ್ದಾರೆ. ಆಬೇದಾ ಟೀಚರ್ ಕೈಕಟ್ಟಿ ಕಾಯುತ್ತಿದ್ದಾರೆ: “ಬರೀ, ಬರೀ. ಏನ್ ಬರೀತಿ ನೋಡ್ತೇನಿ.”

ಡಿಸೆಂಬರ್ ೬, ಶನಿವಾರ. ಔರಾದ, ಮಧ್ಯಾಹ್ನ

ಎರಡು ವಾರ ಏನೂ ಬರೆದಿಲ್ಲ. ಮನೆಯಲ್ಲಿ ಬರೆಯುವಂಥದ್ದು ಏನೂ ಆಗಲಿಲ್ಲ. ಪತ್ರಿಕೆಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟೆ.

ಇಂದು ಅತ್ತೆಯ ಲ್ಯಾಪ್‌ಟಾಪಿನ ವೈಫೈ ನೋಡಲು ಬಂದೆ. ಇದೂ ಪವರ್ ಸೇವಿಂಗೇ, ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಹೋಗುತ್ತದೆ. ಇನ್ನೊಂದು ಫೈಲು, ಇನ್ನೊಂದು ಅಂಕಿ. ಈ ಮಶೀನಿನಲ್ಲಿ ಮಲಗದ ಸಾಮಾನು ಒಂದಾದರೂ ಇದೆಯೇ? ಸರಿಮಾಡಿ ಚೀಲ ಎತ್ತಿಕೊಂಡೆ. ಅತ್ತೆ ಕೈ ತೋರಿಸಿದರು. ಕೂಡು ಅಂತ.

ಕೂತಿದ್ದೇನೆ. ಆಬೇದಾ ಟೀಚರ್ ನಮಾಜಿಗೆ ಒಳಗೆ ಹೋಗಿದ್ದಾರೆ. ಅತ್ತೆ ಬರೆಯುತ್ತಿದ್ದಾರೆ, ಬಹಳ ಹೊತ್ತಿನಿಂದ. ಸ್ಕ್ರೀನನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದಾರೆ, ನನಗೆ ಕಾಣುವುದಿಲ್ಲ. ನಡುವೆ ನಿಲ್ಲಿಸುತ್ತಾರೆ, ನನ್ನನ್ನು ನೋಡುತ್ತಾರೆ, ಅಳಿಸುತ್ತಾರೆ, ಮತ್ತೆ ಶುರು. ಬೈಗುಳಕ್ಕೆ ಇಷ್ಟು ಹೊತ್ತು ಹಿಡಿದಿದ್ದಿಲ್ಲ ಎಂದೂ. ಬೀದರಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಹೋಗಲಿ. ಸುಮ್ಮನೆ ಕಾಯುವುದಕ್ಕೆ ಆಗದೆ ಇದನ್ನು ಬರೆಯುತ್ತಿದ್ದೇನೆ.

ಬೆರಳು ಎತ್ತಿದರು. ಎಂಟರ್ ಹುಡುಕುತ್ತಿದ್ದಾರೆ. ಒತ್ತಿದರು.

“ಮಂಜಿರಿ, ನೀ...”

ಪೆನ್ನು ಕೆಳಗಿಡುತ್ತೇನೆ, ಇದನ್ನು ಪೂರ್ತಿ ಕೇಳಬೇಕು.