ಹೊಳೆಗೆ ಬಿದ್ದ ಹುಣಸೆಮರ

ಹೊಳೆದಂಡೆಯ ಮನೆ, ಗಂಗಾವತಿ ತಾಲೂಕು
ಬಹುಧಾನ್ಯ ಸಂವತ್ಸರ, ಆಶ್ವೀಜ ವದ್ಯ ಪಂಚಮಿ, ಇಸವಿ ೧೯೩೮

ಚಿರಂಜೀವಿ ಉಮಾಪತಿಗೆ ನಿನ್ನ ಅಪ್ಪ ಈಶಪ್ಪ ಮಾಡುವ ಆಶೀರ್ವಾದ.

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಹೈದರಾಬಾದಿನ ನೀರು ಒಗ್ಗಿತೋ ಇಲ್ಲವೋ? ಅಂಗಡಿಯ ಸಾಹುಕಾರರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೋ, ಇಲ್ಲ ಗಿರಾಕಿ ಬಂದರೆಂದು ಅರ್ಧ ಊಟದಲ್ಲೇ ಎಬ್ಬಿಸುತ್ತಾರೋ? ನಾಗರ ಪಂಚಮಿಗೆ ಬಂದು ಹೋಗುವಾಗ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಎಂದೋ ಮುಗಿದಿರಬೇಕು. ನನ್ನ ಮೊಣಕಾಲು ಎಂದಿನಂತೆಯೇ ಇದೆ, ಅದರ ಮಾತು ಬಿಡು. ಎಮ್ಮೆ ಮತ್ತೆ ಗಬ್ಬವಾಗಿದೆ. ಯಾರಿಗೂ ಗೊತ್ತಾಗುವ ಮೊದಲೇ ನಾನು ಅದರ ಕಣ್ಣು ನೋಡಿ ಹೇಳಿದ್ದೆ. ನಿನ್ನ ಹೆಂಡತಿ ಶೇಖರಮ್ಮನ ಸುದ್ದಿ ಬರೆಯಲೆಂದೇ ಈ ಕಾಗದ ಹಿಡಿದು ಕೂತಿದ್ದೇನೆ. ಆದರೆ ಆ ಸುದ್ದಿ ಏನೆಂದು ನನಗೇ ಬಗೆಹರಿದಿಲ್ಲ.

ಸಿಟ್ಟಾಗದೆ ಓದು. ಹುಣಸೆಮರವನ್ನು ಮೊನ್ನೆ ಕಡಿಸಿಬಿಟ್ಟೆ. ಯಾರಿಗೂ ಏನೂ ಆಗಿಲ್ಲ, ಮನೆಯೂ ನಿಂತಿದೆ. "ದೀಪಾವಳಿಗೆ ಬಂದು ನಾನೇ ಕಡಿಯುತ್ತೇನೆ, ಅಲ್ಲಿಯ ತನಕ ಯಾರೂ ಮುಟ್ಟಬೇಡಿ, ಅದರ ಒಂದೊಂದು ಟೊಂಗೆಯೂ ನನಗೆ ಗೊತ್ತು" ಎಂದು ನೀನು ಬರೆದ ಕಾಗದ ಜಗಲಿಯ ಗೂಡಿನಲ್ಲೇ ಇದೆ, ಎರಡು ಸಲ ಓದಿದ್ದೇನೆ. ಹೀಗಿದ್ದೂ ಕಡಿಸಿದೆ. ಯಾಕೆ ಕಡಿಸಿದೆ ಎಂದು ಕೇಳಿದರೆ, ನಿನ್ನ ಹೆಂಡತಿ ಅತ್ತಳು, ಅದಕ್ಕೆ ಕಡಿಸಿದೆ. ಅವಳು ಯಾಕೆ ಅತ್ತಳು ಎಂದು ಮಾತ್ರ ನನ್ನನ್ನು ಕೇಳಬೇಡ.

ಆ ಮರ ನೀನು ಹುಟ್ಟುವ ಮುಂಚಿನಿಂದಲೂ ಮನೆಯ ಕಡೆಗೇ ವಾಲಿದ್ದು. ಹೊಳೆಯ ಕಡೆಯ ಬೇರುಗಳು ಅದನ್ನು ಹಿಂದಕ್ಕೆ ಜಗ್ಗಿ ಹಿಡಿದುಕೊಂಡಿದ್ದವು. ಈ ಸಲ ಶ್ರಾವಣದಲ್ಲಿ ಹೊಳೆ ತುಂಬಿ ಬಂದಾಗ ದಡದ ಮಣ್ಣನ್ನು ಕೊರೆದುಕೊಂಡು ಹೋಯಿತು, ಬೇರುಗಳು ಗಾಳಿಯಲ್ಲಿ ಜೋತುಬಿದ್ದವು. ಮರ ದಿನದಿನಕ್ಕೆ ನಿಮ್ಮ ಕೋಣೆಯ ಮಾಳಿಗೆಯ ಮೇಲೆ ಬಗ್ಗುತ್ತ ಬಂತು. ಶೇಖರಮ್ಮ ಅವತ್ತಿನಿಂದಲೇ "ಗಿಡಾ ತಗಸ್ರಿ ಮಾವಾರ, ರಾತ್ರಿ ಮಲಗಾಕ ಅಂಜಿಕಿ ಬರತೈತಿ" ಎಂದು ಬಾಗಿಲ ಮರೆಯಿಂದ ಹೇಳುತ್ತಲೇ ಇದ್ದಳು. ಅದು ಅರ್ಥವಾಗುವ ಮಾತು. ದಸರೆ ಮುಗಿದ ಮೇಲೆ ನಿನ್ನ ಕಾಗದ ಬಂತು. ಅವಳಿಗೆ ಸಮಾಧಾನವಾಗಲಿ ಎಂದು ಗಟ್ಟಿಯಾಗಿ ಓದಿ ಹೇಳಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಸಣ್ಣ ದನಿ ಬಂತು: "ಅವರು ಕೊಡ್ಲಿ ಮುಟ್ಟೂದು ಬ್ಯಾಡ್ರಿ." ಹಾಗಾದರೆ ಮರ ಇರಲಿ ಎಂದೆ. "ಇಲ್ರಿ, ಕಡಸ್ರಿ. ಅವರು ಬರೂದ್ರಾಗ ಮುಗಸ್ರಿ" ಎಂದಳು. ಯಾಕವ್ವ ಎಂದರೆ ಮೂಗು ಸೇದುವ ಸದ್ದು ಅಷ್ಟೆ.

ಅವತ್ತಿನಿಂದ ನನ್ನ ತಲೆ ಗಿರ್ ಅಂದಿದೆ. ನೀನು ಹೋಗುವಾಗ ಅವಳಿಗೆ ಏನಾದರೂ ಅಂದೆಯಾ? ಗಂಡನ ಕೈಯ ಮೇಲೆ ನಂಬಿಕೆಯಿಲ್ಲದ ಹೆಂಡತಿಯನ್ನು ನಾನು ನೋಡಿಲ್ಲ, ಒಂದು ಗಳಿಗೆ ನಿನ್ನ ಪರವಾಗಿ ನನಗೇ ಸಿಟ್ಟು ಬಂದಿತ್ತು. ಸರಿ, ಆ ಮರದ ಅಂಜಿಕೆಯೇ ಅಷ್ಟಿದೆ ಎನ್ನೋಣ. ಅಂಜುವವಳು ದೂರ ಇರಬೇಕಲ್ಲ? ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಅಡ್ಡಾದರೆ ಸಾಕು, ಮೆಲ್ಲಗೆ ಹಿತ್ತಿಲಿಗೆ ಹೋಗಿ ಅದೇ ಮರದ ಬುಡದಲ್ಲಿ ನಿಂತು, ಕೋಲಿನಿಂದ ಹಸಿ ಹುಣಸೆಕಾಯಿ ಬಡಿದು, ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ತಿನ್ನುತ್ತಾಳೆ! ಊಟದ ಹೊತ್ತಿಗೆ ರೊಟ್ಟಿ ಬೇಡ, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು ಎದ್ದು ಹೋಗುತ್ತಾಳೆ. ನಾನೇನು ತಿಳಿಯಲಿ? ಹುಣಸೆಮರದ ದೆವ್ವ ಹಿಡಿದಿರಬೇಕು ಎಂದುಕೊಂಡೆ. ಮೊಣಕಾಲು ಎಳೆದುಕೊಂಡು ಮಠಕ್ಕೆ ಹೋಗಿ ಅಯ್ಯನವರಿಂದ ವಿಭೂತಿಯನ್ನೂ ಒಂದು ಮಂತ್ರಿಸಿದ ದಾರವನ್ನೂ ತಂದೆ. ದಾರ ಕಟ್ಟಿಕೊಂಡಳು, ವಿಭೂತಿ ಹಚ್ಚಿಕೊಂಡಳು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ಹೇಳಲಾರೆ.

ಇನ್ನು ಮರ ಇಳಿಸಿದ ಕಥೆ ಕೇಳು. ಮರ ಕೊಯ್ಯುವ ಮೆಹಬೂಬಸಾಬನನ್ನು ಕರೆಸಿದೆ. ಗರಗಸ, ಕೊಡಲಿ, ಇಬ್ಬರು ಆಳು, ಬಾಯಿತುಂಬ ಮಾತು, ಎಲ್ಲ ತಂದಿದ್ದ. "ಬೇರು ಸಮೇತ ಅಗದು ತಗೀತೀನ್ರಿ ಯಜಮಾನ್ರ, ಬೇರಿನ ಗಂಟು ಗಾಣಕ್ಕ ಭಾಳ ಛಲೋ" ಎಂದ. ಅಂಥ ಗಂಟು ಸಿಕ್ಕರೆ ಮನೆಗೊಂದು ಒರಳಾದರೂ ಆದೀತು ಎಂದು ನನಗೂ ಆಸೆಯಾಯಿತು, ಹೂಂ ಅಂದೆ. ಬುಡ ಅಗೆಯಲು ಹತ್ತಿದರು. ಹೊತ್ತು ನೆತ್ತಿಗೆ ಬರುವುದರಲ್ಲಿ ಹೊಳೆಯ ಕಡೆ ಒಂದು ಎತ್ತಿನ ಬಂಡಿಯಷ್ಟು ದಡ ಕುಸಿದು ನೀರಿಗೆ ಬಿತ್ತು, ಮರ ಕರಕರ ಎಂದು ಒಂದು ಮೊಳ ಮನೆಯ ಕಡೆಗೆ ಬಗ್ಗಿತು. ಶೇಖರಮ್ಮ ಒಳಗೆ ಕೋಣೆಯಲ್ಲಿದ್ದಳು! ನಾನು ಕೂಗಿದ ಕೂಗು ಹೊಳೆಯಾಚೆಗೂ ಕೇಳಿರಬೇಕು. ಅವಳು ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಓಡಿಬಂದಳು. ಹೊಟ್ಟೆನೋವು ಎಂದು ತಿಳಿದು ಅಜವಾನದ ನೀರು ಕುದಿಸಿ ಕೊಟ್ಟೆ, ಕುಡಿಯಲಿಲ್ಲ. ಆ ಹುಡುಗಿಗೆ ಏನಾದರೂ ಆಗಿದ್ದರೆ ನಿನಗೆ ಯಾವ ಮುಖ ತೋರಿಸುತ್ತಿದ್ದೆ?

ಅವಳನ್ನೂ ಎಮ್ಮೆಯನ್ನೂ ಮುದಕಮ್ಮನ ಮನೆಗೆ ಕಳಿಸಿದೆ. ನೀನು ಹುಟ್ಟಿದಾಗ ಹೆರಿಗೆ ಮಾಡಿಸಿದ ಅದೇ ಸೂಲಗಿತ್ತಿ ಮುದಕಮ್ಮ, ಈಗ ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೆಯೇ. ಆಮೇಲೆ ಊರಿನವರೆಲ್ಲ ಸೇರಿದರು, ಬಂದವರೆಲ್ಲ ಒಂದೊಂದು ಹೇಳಿದರು. ಬಗ್ಗಿದ ಕಡೆಗೇ ಬೀಳಲಿ, ಮಾಳಿಗೆ ಮತ್ತೆ ಕಟ್ಟಿದರಾಯಿತು ಎಂದ ಪುಣ್ಯಾತ್ಮನೂ ಇದ್ದ. ಮೆಹಬೂಬಸಾಬನೂ ಹೊಳೆಯಲ್ಲಿ ಹರಗೋಲು ನಡೆಸುವ ದ್ಯಾವಪ್ಪನೂ ತಾಸುಗಟ್ಟಲೆ ಜಗಳಾಡಿ ಕಡೆಗೆ ಒಂದಾದರು. ಬೇರು ಮುಟ್ಟುವುದು ಬೇಡ, ದಡವನ್ನು ಹಿಡಿದಿರುವುದೇ ಅದು. ಮೇಲಿನಿಂದ ಇಳಿಸುತ್ತ ಬರಬೇಕು ಎಂದು ತೀರ್ಮಾನವಾಯಿತು. ಮನೆಯ ಕಡೆಯ ಟೊಂಗೆಗಳನ್ನು ಮೊದಲು ಕೊಯ್ದರು, ಒಂದೊಂದಕ್ಕೂ ಹಗ್ಗ ಕಟ್ಟಿ, ತೊಟ್ಟಿಲು ಇಳಿಸಿದಷ್ಟು ಮೆಲ್ಲಗೆ ಇಳಿಸಿದರು. ಭಾರ ಹೊಳೆಯ ಕಡೆಗೆ ತಿರುಗಿತು. ದ್ಯಾವಪ್ಪ ಮರಕ್ಕೆ ಕಟ್ಟಿದ ದಪ್ಪ ಹಗ್ಗವನ್ನು ಹರಗೋಲಿನಲ್ಲಿ ಒಯ್ದು ನೀರಿನ ನಡುವಿನ ಆನೆಬಂಡೆಗೆ ಸುತ್ತಿಸಿ ಅದರ ತುದಿಯನ್ನು ದಡಕ್ಕೆ ತಂದ, ಅಲ್ಲಿ ಎರಡು ಜೋಡಿ ಎತ್ತು ಹೂಡಿದರು. ನನಗೂ ಹರಗೋಲು ಹತ್ತಿ ಎಂದ. ಹರಗೋಲು ಕಂಡರೆ ನನಗೆ ಎದೆ ಡವಡವ ಎನ್ನುವುದು ನಿನಗೆ ಗೊತ್ತೇ ಇದೆ, ನಿನ್ನ ಮದುವೆಗೂ ಸುತ್ತುಹಾಕಿ ಬಂಡಿಯಲ್ಲೇ ಬಂದವನು ನಾನು. ಹತ್ತಲಿಲ್ಲ.

ಆಳೆತ್ತರಕ್ಕೆ ಗರಗಸ ಹಾಕಿ ಕೊಯ್ದರು, ಎತ್ತು ಜಗ್ಗಿದವು, ಮರ ಒಂದು ಗಳಿಗೆ ಎತ್ತ ಹೋಗಲಿ ಎಂದು ನಿಂತು, ಆಮೇಲೆ ಹೊಳೆಗೆ ಬಿತ್ತು. ಬೀಳುವಾಗ ಉಳಿದಿದ್ದ ಒಂದು ಟೊಂಗೆ ಸಿಡಿದು ನಿಮ್ಮ ಕೋಣೆಯ ಮಾಳಿಗೆಯ ಬೆಳಕಿಂಡಿಯಲ್ಲಿ ನೆಟ್ಟಗೆ ಇಳಿಯಿತು. ಹೋಗಿ ನೋಡಿದೆ. ಶೇಖರಮ್ಮನ ಹಾಸಿಗೆಯ ನಡುವೆ ನಿಂತಿತ್ತು. ಬೆಳಕಿಂಡಿಗೆ ಈಗ ಚಪ್ಪಡಿ ಮುಚ್ಚಿದ್ದೇನೆ. ಮರದ ಮೇಲ್ಭಾಗ ಇನ್ನೂ ಹಗ್ಗದಲ್ಲೇ ಬಂಡೆಯ ಹತ್ತಿರ ನೀರಿನಲ್ಲಿ ತೇಲುತ್ತಿದೆ, ಹೊಳೆ ಇಳಿದ ಮೇಲೆ ಎಳೆಯಬೇಕು.

ಇಷ್ಟಾಯಿತಲ್ಲ, ಸೊಸೆ ಬಂದು ನಗುತ್ತಾಳೆ ಎಂದುಕೊಂಡೆ. ಬಂದಳು, ಬೋಳು ಬೊಡ್ಡೆ ನೋಡಿದಳು, "ಕಾಯಿ ಎಲ್ಲಾ ಹೊಳ್ಯಾಗ ಹೋದುವಲ್ರಿ" ಎಂದು ಮತ್ತೆ ಅಳು! ಬೇಡ ಎಂದ ಮರಕ್ಕೂ ಅಳು, ಹೋದ ಮರಕ್ಕೂ ಅಳು. ಉಮಾಪತಿ, ನನಗೆ ಹೆಂಗಸರ ಮನಸ್ಸು ತಿಳಿಯುವುದಿಲ್ಲ, ತಿಳಿಸಿ ಹೇಳುತ್ತಿದ್ದ ನಿನ್ನವ್ವ ಹೋಗಿ ಐದು ವರ್ಷವಾಯಿತು. ನೀನು ಶೇಖರಮ್ಮನ ಗಂಡ. ಜಗಳವೇನಾದರೂ ಇದ್ದರೆ ನೀನೇ ಸೋತುಬಿಡು. ಮರ ಕಡಿದದ್ದಕ್ಕೆ ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ. ಅವಳು ಒಳ್ಳೆಯ ಹುಡುಗಿ, ಈ ಮನೆಯಲ್ಲಿ ಅವಳಿಗೆ ಏನು ಕಡಿಮೆಯಾಯಿತು ಎಂಬ ಚಿಂತೆಯಲ್ಲಿ ನನಗೆ ಅನ್ನ ಸೇರುತ್ತಿಲ್ಲ.

ಸಾಹುಕಾರರಿಗೆ ನನ್ನ ಶರಣು ತಿಳಿಸು. ಹೊದ್ದುಕೊಂಡು ಮಲಗು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಪ್ಪ,
ಈಶಪ್ಪ

ತಾಜಾಕಲಂ: ಕಾಗದ ಮಡಿಚುತ್ತಿದ್ದೆ, ಮುದಕಮ್ಮ ಒಲೆಗೆ ಕೆಂಡ ಕೇಳಲು ಬಂದಳು. ತಡೆಯಲಾರದೆ ಎಲ್ಲವನ್ನೂ ಓದಿ ಹೇಳಿದೆ. ಕಂಬ ಹಿಡಿದುಕೊಂಡು ನಕ್ಕಳು ಮುದುಕಿ. "ಎಮ್ಮಿ ಗಬ್ಬ ಆದ್ರ ಕಣ್ಣ ನೋಡಿ ಹೇಳ್ತಿ, ಮನ್ಯಾಗಿನ ಸೊಸೀದು ಗೊತ್ತಾಗಲಿಲ್ಲೇನೋ ಈಶಪ್ಪಾ? ಆಕಿಗೆ ಮೂರನೇ ತಿಂಗಳ ನಡದೈತಿ. ಬಸುರಿ ಹೆಂಡ್ತಿ ಇರೂ ಗಂಡಸು ಕಾಯಿ ಬಿಡೂ ಗಿಡಕ್ಕ ಕೊಡ್ಲಿ ಹಾಕಬಾರದು. ಅದನ್ನ ಮಾವಗ ಬಾಯಿಬಿಟ್ಟು ಹೆಂಗ ಹೇಳ್ಯಾಳು?" ಎಂದಳು. ಮಗನೇ, ದೀಪಾವಳಿಗೆ ತಪ್ಪದೆ ಬಾ, ಆದರೆ ಬೊಡ್ಡೆಯಲ್ಲಿ ಚಿಗುರುವ ಒಂದು ಕಡ್ಡಿಯನ್ನೂ ಮುರಿಯಬೇಡ. ನಿನ್ನವ್ವ ನಿನ್ನನ್ನು ಹೊತ್ತಾಗ ಇದೇ ಮರದ ಹಸಿ ಕಾಯಿ ತಿನ್ನುತ್ತಿದ್ದಳು, ಹಲ್ಲು ಹಾಳಾಗುತ್ತವೆ ಎಂದು ನಾನು ಬೈಯುತ್ತಿದ್ದೆ. ಆಗಲೂ ನನಗೆ ಹೇಳಿದವಳು ಮುದಕಮ್ಮನೇ. ಇನ್ನು ಬರೆಯಲು ಹೊತ್ತಿಲ್ಲ. ಬಂಡೆಯ ಹತ್ತಿರ ತೇಲುವ ಟೊಂಗೆಗಳಲ್ಲಿ ಕಾಯಿ ಇನ್ನೂ ಹಸಿರಾಗಿವೆಯಂತೆ. ದ್ಯಾವಪ್ಪ ಹರಗೋಲು ತಂದು ದಡದಲ್ಲಿ ಕೂಗುತ್ತಿದ್ದಾನೆ, ನಾನು ಹತ್ತಬೇಕು.