ಅಮಾನತ್ತು ಯಾವ ತಾಲ್ಲೂಕಿಗೆ ಸೇರಿದೆ?

ಅಮಾನತು ಆದೇಶಗಳಿಗೆ ಸಹಿ ಹಾಕುವ ಮಾನ್ಯ ಶಿಸ್ತು ಪ್ರಾಧಿಕಾರಿಗಳೇ,

ಹದಿನಾಲ್ಕು ತಿಂಗಳ ಹಿಂದೆ ತಾವು ನಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು ಅಮಾನತು ಮಾಡಿದಿರಿ. ಅವರು ಏಳೇ ತಿಂಗಳಿಗೆ ಕೆಲಸಕ್ಕೆ ಮರಳಿದರು. ಅವರ ಜೊತೆಗೇ ಅಮಾನತಾದ ಚಿಕ್ಕಬೋರಮ್ಮ ಎಂಬ ಅರವತ್ತೆಂಟು ವರ್ಷದ ಹೆಂಗಸು ಮಾತ್ರ ಇನ್ನೂ ಹಾಗೇ ಇದ್ದಾರೆ. ಆದೇಶದಲ್ಲಿ ಅಂಥ ಹೆಸರೇ ಇಲ್ಲವೆಂದು ತಾವು ಹೇಳಬಹುದು. ನಿಜ, ಇಲ್ಲ. ಅದಕ್ಕೇ ಅವರ ಅಮಾನತನ್ನು ತೆರವು ಮಾಡುವವರು ಯಾರೆಂದು ಯಾರಿಗೂ ಗೊತ್ತಾಗುತ್ತಿಲ್ಲ.

ನಾನು ಹೇಮಶ್ರೀ, ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿ ಕಾರ್ಯದರ್ಶಿ. ಚಿಕ್ಕಬೋರಮ್ಮ ನಮ್ಮ ಪಕ್ಕದ ಮನೆಯವರು, ನಾನು ದೊಡ್ಡವ್ವ ಎಂದು ಕರೆಯುತ್ತೇನೆ. ಪಕ್ಕದ ಮನೆ ಎಂದದ್ದು ಬಾಯಿ ಅಭ್ಯಾಸ. ಮನೆ ಈಗಿಲ್ಲ. ಎರಡು ವರ್ಷದ ಹಿಂದಿನ ಮಳೆಗೆ ಎರಡು ಗೋಡೆ ಕುಸಿದವು. ಯಾರ ಮೇಲಾದರೂ ಬಿದ್ದೀತೆಂದು ಉಳಿದೆರಡನ್ನು ನಾವೇ ಕೆಡವಿದೆವು. ಅಂದಿನಿಂದ ಅವರು ಮಲಗುವುದು ನಮ್ಮ ಕೊಟ್ಟಿಗೆಯ ಮುಂಭಾಗದಲ್ಲಿ. ಸರ್ಕಾರದ ವಸತಿ ಪಟ್ಟಿಗೆ ಹೆಸರು ಸೇರಬೇಕಾದರೆ ನಿವೇಶನಕ್ಕೆ ಇ-ಖಾತೆ ಬೇಕು, ಇ-ಖಾತೆಗೆ ಮೂಲ ಹಕ್ಕುಪತ್ರ ಬೇಕು ಎಂದರು. ಗಂಡ ಶಿವಣ್ಣನವರ ಕಾಲದಲ್ಲಿ ಸರ್ಕಾರವೇ ಕೊಟ್ಟಿದ್ದ ಹಕ್ಕುಪತ್ರ ಅದು. ದೊಡ್ಡವ್ವ ಅದನ್ನು ಟ್ರಂಕಿನ ತಳದಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಪಂಚಾಯಿತಿ ಕಚೇರಿಗೆ ಕೊಟ್ಟು ಬಂದರು. ನಾಲ್ಕನೆಯ ದಿನ ತಮ್ಮ ಆದೇಶ ಬಂತು.

ಹಾಕದೇ ಇದ್ದ ನೀರಿನ ಪೈಪಿಗೆ ಬಿಲ್ಲು ಮಾಡಿದ್ದಾರೆ ಎಂಬುದು ಅಧಿಕಾರಿಯ ಮೇಲಿನ ಆರೋಪ. ಮಾಡಿರಬಹುದು, ಮಾಡದೇ ಇರಬಹುದು. ನಮ್ಮ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು, ಅವರಿಗಿಂತ ಹಿಂದಿನವರ ಕಾಲದಲ್ಲೂ ಬರುತ್ತಿರಲಿಲ್ಲ. ತನಿಖೆಯ ತಂಡ ಬಂತು. ಕೈಗೆ ಸಿಕ್ಕ ಕಡತಗಳನ್ನೆಲ್ಲ ಒಂದು ಕಬ್ಬಿಣದ ಬೀರುವಿಗೆ ತುಂಬಿ, ಬೀಗ ಜಡಿದು, ಅರಗಿನ ಮುದ್ರೆ ಒತ್ತಿತು. ಪೈಪಿನ ಕಡತದ ಜೊತೆ ದೊಡ್ಡವ್ವನ ಹಕ್ಕುಪತ್ರವೂ ಒಳಗೆ ಹೋಯಿತು. ಸಾಕ್ಷ್ಯ ನಾಶವಾಗಬಾರದಲ್ಲವೇ? ಆಗಿಲ್ಲ. ಹದಿನಾಲ್ಕು ತಿಂಗಳಿಂದ ಅದನ್ನು ಯಾರೂ ಮುಟ್ಟಿಲ್ಲ, ತನಿಖೆ ಮಾಡಬೇಕಾದವರೂ ಸೇರಿ.

ಇಲ್ಲಿ ನಮ್ಮ ಕಡೆಯ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಪಂಚಾಯಿತಿಯ ನೀರುಗಂಟಿ ಮಂಚಯ್ಯ, "ಸಾಯೇಬ್ರು ಅಮಾನತ್ತಲ್ಲವ್ರೆ, ಸದ್ಯಕ್ ಬರಕ್ಕಿಲ್ಲ" ಎಂದದ್ದನ್ನು ಕೇಳಿ, ದೊಡ್ಡವ್ವ ಅಮಾನತ್ತು ಎಂಬುದು ಒಂದು ಊರು ಎಂದುಕೊಂಡರು. ನಗಬೇಡಿ. ಅಧಿಕಾರಿಗಳು ಪಾಂಡವಪುರದಲ್ಲವ್ರೆ, ಶ್ರೀರಂಗಪಟ್ಟಣದಲ್ಲವ್ರೆ ಎಂಬ ಮಾತನ್ನೇ ಕೇಳಿ ಬೆಳೆದವರು ನಾವು. ನಮ್ಮಲ್ಲಿಂದ ಕಾಣೆಯಾದ ಅಧಿಕಾರಿ ಇನ್ನೊಂದು ಊರಿನಲ್ಲಿ ಇದ್ದೇ ಇರುತ್ತಾರೆ. ಮರುದಿನ ಬೆಳಿಗ್ಗೆ ದೊಡ್ಡವ್ವ ಸಂತೆಬಾಚಹಳ್ಳಿಯಲ್ಲಿ ಬಸ್ಸು ಹತ್ತಿ ಆಧಾರ್ ಕಾರ್ಡು ತೋರಿಸಿದರು.

"ಎಲ್ಲಿಗಜ್ಜಿ?" ಎಂದ ಕಂಡಕ್ಟರ್.

"ಅಮಾನತ್ತಿಗೆ ಕಣಪ್ಪ."

"ಅಂತ ಸ್ಟೇಜೇ ಇಲ್ವಲ್ಲಜ್ಜಿ."

"ಗೌರ್ಮೆಂಟೋರು ಇರೋ ಊರು. ಸರ್ಯಾಗ್ ನೋಡು, ಇರ್ತದೆ."

ಆ ಪುಣ್ಯಾತ್ಮ ಟಿಕೆಟ್ ಮೆಷಿನ್ನಿನಲ್ಲಿ ನಿಜವಾಗಿಯೂ ಹುಡುಕಿದನಂತೆ. ಕೊನೆಗೆ ಕೆ.ಆರ್.ಪೇಟೆಗೆ ಉಚಿತ ಟಿಕೆಟ್ ಹರಿದುಕೊಟ್ಟ. ಬಸ್ಸಿಗೆ ಬಸ್ಸೇ ನಕ್ಕಿತು. ಸಂಜೆ ವಾಪಸು ಬಂದು ಹೇಳಿದಾಗ ನಾನೂ ನಕ್ಕೆ, ಆಮೇಲೆ ಕೂರಿಸಿಕೊಂಡು ವಿವರಿಸಿದೆ. ಅಮಾನತು ಎಂದರೆ ಊರಲ್ಲ ದೊಡ್ಡವ್ವ, ಕೆಲಸದಿಂದ ದೂರ ಇಟ್ಟಿರುತ್ತಾರೆ, ಅರ್ಧ ಸಂಬಳ ಬರುತ್ತದೆ, ಮನೆಯಲ್ಲಿರುತ್ತಾರೆ ಎಂದೆ. ಅವರು, "ಅರ್ಧ ಕೊಡದು ತೆಪ್ಪು ಮಾಡವ್ರೆ ಅಂತ್ಲಾ, ಮಾಡಿಲ್ಲ ಅಂತ್ಲಾ?" ಎಂದರು. ತಿಂಗಳು ಕಳೆದಂತೆ ಆ ಅರ್ಧ ಮುಕ್ಕಾಲೂ ಆಗುತ್ತದೆಂದು ಹೇಳಲಿಲ್ಲ, ಅವರಿಗೆ ಮೊದಲೇ ಬಿಪಿ ಇದೆ.

ಅಮಾನತು ಶಿಕ್ಷೆಯಲ್ಲ, ತನಿಖೆಗೆ ಅಡ್ಡಿಯಾಗದಿರಲೆಂದು ಮಾಡುವ ಏರ್ಪಾಡು ಎಂದು ತಮ್ಮ ನಿಯಮ ಹೇಳುತ್ತದೆ. ನಾನು ಒಪ್ಪುತ್ತೇನೆ. ಆರೋಪ ಬಂದ ಕೂಡಲೇ ಕಳ್ಳ ಎಂದುಬಿಡುವುದು ತಪ್ಪು. ಆದರೆ ಅಡ್ಡಿಯನ್ನೆಲ್ಲ ತೆಗೆದ ಮೇಲೆ ತನಿಖೆ ನಡೆಯಬೇಕಲ್ಲ? ನಮ್ಮ ಡೇರಿಯಲ್ಲಿ ಯಾರದಾದರೂ ಹಾಲಿನ ಮೇಲೆ ಅನುಮಾನ ಬಂದರೆ, ಅವರ ಎದುರಿಗೇ ಪರೀಕ್ಷೆ ಮಾಡುತ್ತೇವೆ. ನೀರಿದ್ದರೆ ಆ ಕ್ಯಾನು ವಾಪಸು, ಇಲ್ಲದಿದ್ದರೆ ಅನುಮಾನ ಪಟ್ಟವರು ತಲೆ ತಗ್ಗಿಸುತ್ತಾರೆ. ಒಬ್ಬರ ಕ್ಯಾನಿಗಾಗಿ ಡೇರಿಗೇ ಬೀಗ ಹಾಕಿ, ಸರತಿಯಲ್ಲಿ ನಿಂತವರ ಹಾಲನ್ನೆಲ್ಲ ಒಳಗಿಟ್ಟು ಹುಳಿಯಾಗಲು ಬಿಟ್ಟರೆ ನಮ್ಮೂರಿನ ಹೆಂಗಸರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ತಮ್ಮನ್ನು ಯಾಕೆ ಬಿಟ್ಟಿದ್ದಾರೋ ಗೊತ್ತಿಲ್ಲ.

ಏಳು ತಿಂಗಳಾದ ಮೇಲೆ "ವಿಚಾರಣೆಯನ್ನು ಕಾಯ್ದಿರಿಸಿ" ಅಮಾನತನ್ನು ತೆರವುಗೊಳಿಸಲಾಗಿದೆ ಎಂಬ ಆದೇಶವಾಯಿತು. ಅಧಿಕಾರಿಗೆ ನಾಗಮಂಗಲದ ಕಡೆ ಒಂದು ಪಂಚಾಯಿತಿ ಕೊಟ್ಟರು. ವಿಚಾರಣೆಯನ್ನು ಕಾಯ್ದಿರಿಸುವುದು ಎಂದರೆ ಏನು? ಬಸ್ಸಿನ ಸೀಟಿಗೆ ಟವಲು ಹಾಕಿ ಬೇರೆಡೆ ಹೋದಂತೆಯೇ? ಇರಲಿ. ನಾನೂ ದೊಡ್ಡವ್ವನೂ ಹೋಗಿ ಅವರನ್ನು ಕಂಡೆವು. ನಮ್ಮನ್ನು ಗುರುತು ಹಿಡಿದು ಕೂರಿಸಿದರು, ಟೀ ತರಿಸಿದರು.

"ನಿಮ್ ಕಾಗ್ದ ನೆನಪಿದೆಯಮ್ಮ. ನೀಲಿ ಫೈಲು, ಬೀರುವಿನ ಎರಡನೇ ಅರೆ. ಆದ್ರೆ ಬೀಗದ ಕೈ ತನಿಖಾಧಿಕಾರಿಗಳ ಹತ್ರ ಇದೆ. ನಾನು ಆ ಆಫೀಸಿಗೆ ಕಾಲಿಡೋ ಹಾಗಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಬೇಗ ವಿಚಾರಣೆ ಮುಗ್ಸಿ ಅಂತ ನಾನೇ ಎರಡು ಸಲ ಬರೆದಿದೀನಿ. ಮಗಳಿಗೆ ಬಂದ ಎರಡು ಸಂಬಂಧ ಇದೇ ಕಾರಣಕ್ಕೆ ತಪ್ಪೋಯ್ತು" ಎಂದರು. ಸುಳ್ಳು ಹೇಳುವವರ ಮುಖದಂತೆ ಕಾಣಲಿಲ್ಲ. ಆದರೆ ಮುಖ ನೋಡಿ ಹೇಳುವ ಕೆಲಸ ನನ್ನದಲ್ಲ, ಅದಕ್ಕೆಂದೇ ತಾವು ಒಬ್ಬರನ್ನು ನೇಮಿಸಿದ್ದಿರಿ.

"ಆ ಬೀಗದ್ ಕೈಯೋರು ಎಲ್ಲವ್ರಪ್ಪ?" ಎಂದು ದೊಡ್ಡವ್ವ ಕೇಳಿದರು.

ಅಧಿಕಾರಿ ಲೋಟ ಕೆಳಗಿಟ್ಟರು. "ಅವ್ರೂ ಈಗ ಅಮಾನತ್ತಲ್ಲಿದ್ದಾರಮ್ಮ. ಬೇರೆ ಯಾವುದೋ ಕೇಸು."

ದೊಡ್ಡವ್ವ ನನ್ನನ್ನು ನೋಡಿದ ನೋಟವನ್ನು ತಾವು ನೋಡಬೇಕಿತ್ತು. "ನಾನೇಳ್ಲಿಲ್ವಾ ಏಮ? ದೊಡ್ಡೂರೇ ಕಣ್ ಬುಡು ಅದು" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನೆಮ್ಮದಿಯಾಗಿ ನಿದ್ದೆ ಮಾಡಿದರು. ನನಗೆ ಮಾತ್ರ ಕೋಪದಿಂದ ಕಣ್ಣು ಮುಚ್ಚಲಾಗಲಿಲ್ಲ. ಆ ಕೋಪವೇ ಈ ಪತ್ರ.

ನಮ್ಮ ಪಂಚಾಯಿತಿಯಲ್ಲಿ ಈಗ ವಾರಕ್ಕೆರಡು ದಿನ ಪ್ರಭಾರ ಅಧಿಕಾರಿ ಬರುತ್ತಾರೆ. ಹಕ್ಕುಪತ್ರದ ಜೆರಾಕ್ಸ್ ನಮ್ಮಲ್ಲಿದೆ. ಕೊಟ್ಟರೆ ಗುಮಾಸ್ತರು ಮೂಲ ಪ್ರತಿ ತನ್ನಿ ಎನ್ನುತ್ತಾರೆ. ಮೂಲ ಪ್ರತಿ ಆ ಬೀರುವಿನಲ್ಲಿದೆ ಎಂದು ಅವರಿಗೂ ಗೊತ್ತು, ಅವರ ಕುರ್ಚಿಯ ಬೆನ್ನು ತಾಗುವುದೇ ಆ ಬೀರುವಿಗೆ. ಮಧ್ಯಾಹ್ನದ ಊಟದ ಬುತ್ತಿ ಇಡುವುದು ಅದರ ನೆತ್ತಿಯ ಮೇಲೆ. ಬರುವ ತಿಂಗಳ ಹನ್ನೆರಡರಂದು ವಸತಿ ಗ್ರಾಮಸಭೆ. ಅಷ್ಟರೊಳಗೆ ಕಾಗದ ಬಾರದಿದ್ದರೆ ದೊಡ್ಡವ್ವನ ಹೆಸರು ಪಟ್ಟಿಯಿಂದ ಹೋಗುತ್ತದೆ, ಮುಂದಿನ ಪಟ್ಟಿ ಯಾವಾಗ ಎಂದು ಯಾರೂ ಹೇಳುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಹನ್ನೆರಡಕ್ಕೆ ಮುಂಚೆ, ಅಮಾನತಾಗಿಲ್ಲದ ಒಬ್ಬ ಅಧಿಕಾರಿಯನ್ನು ಬೀಗದ ಕೈ ಕೊಟ್ಟು ಕಳುಹಿಸಿ. ಸಾಕ್ಷಿಗಳ ಮುಂದೆ ಬೀರು ತೆಗೆದು, ಮಹಜರು ಬರೆದು, ಆ ಒಂದು ಕಾಗದ ಕೊಟ್ಟು, ಬೇಕಾದರೆ ಮತ್ತೆ ಮುದ್ರೆ ಒತ್ತಲಿ. ಪೈಪಿನ ವಿಚಾರಣೆಗೂ ಒಂದು ದಿನಾಂಕ ಹಾಕಿ. ಅಧಿಕಾರಿ ತಪ್ಪು ಮಾಡಿದ್ದರೆ ನಮಗೆ ತಿಳಿಯಲಿ, ಮಾಡಿಲ್ಲವಾದರೆ ಅವರ ಮಗಳ ಮದುವೆಯಾದರೂ ಆಗಲಿ.

ಅದೂ ಆಗದಿದ್ದರೆ ಇಷ್ಟಾದರೂ ಮಾಡಿ. ಅಮಾನತಾದವರಿಗೆ ಆಪಾದನೆ ಏನೆಂದು ಬರವಣಿಗೆಯಲ್ಲಿ ತಿಳಿಸಬೇಕೆಂಬ ನಿಯಮ ತಮ್ಮಲ್ಲಿದೆಯಂತೆ. ಚಿಕ್ಕಬೋರಮ್ಮನವರಿಗೂ ಅಂಥ ಒಂದು ಪತ್ರ ಬರೆಯಿರಿ. ಏನು ತಪ್ಪು ಮಾಡಿ ಅವರು ಕೊಟ್ಟಿಗೆಯಲ್ಲಿ ಮಲಗುತ್ತಿದ್ದಾರೆ ಎಂದು ತಿಳಿಸಿ, ನಾನೇ ಓದಿ ಹೇಳುತ್ತೇನೆ. ಲಕೋಟೆಯ ಮೇಲೆ ಅವರ ಹೆಸರು, ನಮ್ಮೂರ ಹೆಸರು ಬರೆದರೆ ಸಾಕು, ಪೋಸ್ಟ್‌ಮನ್ ತಲುಪಿಸುತ್ತಾರೆ. ಮನೆ ನಂಬರು ಮಾತ್ರ ಬರೆಯಲಾಗದು. ಅದು ತಮ್ಮ ಬೀರುವಿನಲ್ಲಿದೆ.

ಇಂತಿ,
ಈ ಪತ್ರ ಅಂಚೆಗೆ ಹಾಕುವವರೆಗಂತೂ ಕೆಲಸದಲ್ಲಿದ್ದ
ಹೇಮಶ್ರೀ,
ಕಾರ್ಯದರ್ಶಿ, ಹಾಲಿನ ಡೇರಿ