ಹನುಮಂತಪ್ಪ ಮಾವನ ಮುಂಗಡ ಅಭಿನಂದನೆ

ಅಕ್ಟೋಬರ್ 27, ಸೋಮವಾರ. ಹೊಸಬಾಳೆ

ವೆಬ್‌ಸೈಟ್ ನೋಡಿದೆ. ನೇಮಕದ ಆರ್ಡರ್ ಇಲ್ಲ. ಹಲ್ಲುಜ್ಜಿದೆ. ಮತ್ತೆ ನೋಡಿದೆ. ಇಲ್ಲ. ಎಫ್‌ಡಿಎ ಆಯ್ಕೆಪಟ್ಟಿಯಲ್ಲಿ ಹೆಸರಿದ್ದೂ ಮನೆಯಲ್ಲಿ ಕೂತವಳ ದಿನ ಇಷ್ಟೇ. ಪರೀಕ್ಷೆ ನ್ಯಾಯವಾಗಿ ನಡೆದಿಲ್ಲ ಅಂತ ಕೆಲವರು ಕೋರ್ಟಿಗೆ ಹೋಗಿದ್ದಾರೆ. ತಡೆಯಾಜ್ಞೆ. ಅಮ್ಮ ಬಂದವರಿಗೆಲ್ಲ "ಆಗಿದೆ, ಆದ್ರೆ ಆಗಿಲ್ಲ" ಅಂತಿದ್ದಾಳೆ. ನನ್ನ ನೌಕರಿ ವೇದಾಂತದ ಮಟ್ಟಕ್ಕೆ ಏರಿದೆ.

ಅಕ್ಟೋಬರ್ 30, ಗುರುವಾರ

ಕೋರ್ಟಿಗೆ ಹಾಕಿದ ಅರ್ಜಿಯ ಪ್ರತಿ ಬಂತು. ಹಾಕಿದವರಲ್ಲಿ ಚೌಡೇಶ್ ಒಬ್ಬ — ಶಿಕಾರಿಪುರದ ಕೋಚಿಂಗ್‌ನಲ್ಲಿ ನನ್ನ ಪಕ್ಕದ ಬೆಂಚು. ಒಂದೇ ಅಂಕದಲ್ಲಿ ತಪ್ಪಿದವನು. ಅವನು ಕೊಟ್ಟ ಸಾಕ್ಷ್ಯವನ್ನು ಎರಡು ಸಲ ನೋಡಿದೆ.

ಫೋಟೋ. ಶಿಕಾರಿಪುರ ಬಸ್‌ಸ್ಟ್ಯಾಂಡ್ ಎದುರು ನನ್ನ ಸೋದರಮಾವ ಹನುಮಂತಪ್ಪ ಕಟ್ಟಿಸಿದ್ದ ಫ್ಲೆಕ್ಸ್. "ಎಫ್‌ಡಿಎ ಹುದ್ದೆಗೆ ಆಯ್ಕೆಯಾದ ಕು. ಸ್ಪಂದನ ಅವರಿಗೆ ಹಾರ್ದಿಕ ಅಭಿನಂದನೆಗಳು." ಮೂಲೆಯಲ್ಲಿ ಅಂಚೆಚೀಟಿಯಷ್ಟು ನಾನು. ನಡುವೆ ಆಳೆತ್ತರದ ಮಾವ — ಕೂಲಿಂಗ್ ಗ್ಲಾಸ್, ಕಿವಿಗೆ ಫೋನು.

ತೊಂದರೆ ಒಂದೇ. ಫ್ಲೆಕ್ಸ್ ಬಂದಾಗ ಪಟ್ಟಿಯೇ ಬಂದಿರಲಿಲ್ಲ. ಚೌಡೇಶ್ ಅವತ್ತೇ ಅದರ ಕೆಳಗೆ ಸೆಲ್ಫಿ ತೆಗೆದು "ಕಂಗ್ರಾಟ್ಸ್ ಸ್ಪಂದನ" ಅಂತ ಸ್ಟೇಟಸ್ ಹಾಕಿದ್ದ. ತಾರೀಖು ಸಮೇತ ಇದೆ. ವೆಬ್‌ಸೈಟಿಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಫಲಿತಾಂಶ ಹೇಗೆ ಬಂತು ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ.

ಕೀ ಆನ್ಸರ್ ತಾಳೆ ನೋಡಿ "ಆದ್ರೂ ಆಗಬಹುದು ಮಾವ" ಅಂದಿದ್ದೆ. ಮಾವನಿಗೆ ಅಷ್ಟು ಸಾಕಾಗಿತ್ತು.

ನವೆಂಬರ್ 1, ಶನಿವಾರ

ಬೆಂಗಳೂರಿಂದ ನಮ್ಮ ವಕೀಲೆ ನೀಲಾಂಬಿಕ ಮೇಡಂ ಫೋನ್.

"ನಿಮ್ಮ ಮಾವನಿಗೆ ಮೊದಲೇ ಗೊತ್ತಿತ್ತಾ?"

"ಅವರಿಗೆ ಏನೂ ಗೊತ್ತಿರಲ್ಲ ಮೇಡಂ. ಹಂಗೇ ಹಾಕಿಸ್ತಾರೆ."

"ಅದನ್ನೇ ಅಫಿಡವಿಟ್‌ನಲ್ಲಿ ಹೇಳಲಿ. ಹಿಂದೆ ಹೀಗೇ ಹಾಕಿಸಿ ಸುಳ್ಳಾದ ಫ್ಲೆಕ್ಸ್ ಒಂದಾದರೂ ತನ್ನಿ. ಇಲ್ಲದಿದ್ರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಪೊಲೀಸ್ ಕೇಸೂ ಆಗಬಹುದು."

ನಗು ಬಂತು. ಕೊನೆಯ ಮಾತಿಗೆ ನಿಂತಿತು.

ನವೆಂಬರ್ 3, ಸೋಮವಾರ. ಬಳ್ಳಿಗಾವಿ

ಮಾವನ ಮನೆ. ಈ ಊರಿಗೆ ಶಾಸನ ಹುಡುಕಿ ಬರೋರು ಬಹಳ. ಫ್ಲೆಕ್ಸ್ ಹುಡುಕಿ ಬಂದವಳು ನಾನೇ ಮೊದಲು. ಕೊಟ್ಟಿಗೆ ಮಾಡಿನ ಮೇಲೆ "ಪಂಚಾಯ್ತಿ ಅಧ್ಯಕ್ಷರಾದ ಮಾಸ್ತಪ್ಪ" — ಸೋತವರು. ಅರ್ಧ ಇಲಿ ತಿಂದಿದೆ. ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಮೇಲೆ ಇನ್ನೊಂದು, ಮುಖ ಕೆಳಗೆ ಮಾಡಿ ಹೊದಿಸಿದ್ದು. ಎತ್ತಿದೆ. "ಪಿಎಸ್‌ಐ ಆಗಿ ಆಯ್ಕೆಯಾದ ನಾಗೇಶ್." ಮಾವನ ಮಗ. ಓಟದಲ್ಲೇ ಫೇಲಾದವನು. ಫ್ಲೆಕ್ಸಲ್ಲಿ ಮಾತ್ರ ಖಾಕಿ, ಸ್ಟಾರು — ತಲೆ ಅವನದು, ಮೈ ಯಾರದೋ.

ಲೋಕಮ್ಮತ್ತೆ ಓಡಿ ಬಂದರು. "ಮುಟ್ಟಬ್ಯಾಡ ಕಣೆ ಅದನ್ನ! ಅದು ಕಟ್ಟಿದಾಗಿಂದ ಶಿಕಾರಿಪುರಕ್ಕೆ ಹೋದ್ರೂ ಬಸ್‌ಸ್ಟ್ಯಾಂಡಲ್ಲಿ ಇಳಿಯಂಗಿಲ್ಲ ಅವ್ನು. ಹಿಂದಿನ ಸ್ಟಾಪಲ್ಲೇ ಇಳ್ಕೊಂಡು ನಡೀತಾನೆ."

ಮಾವನ ಕಷ್ಟ ಬೇರೆ. "ನಂಗೇನೂ ಗೊತ್ತಿರ್ಲಿಲ್ಲ ಅಂತ ಬರ್ಕೊಡ್ಬೇಕಾ? ಮೇಲಿಂದ ಫೋನ್ ಬಂದಿತ್ತು ಅಂತ ಚಾ ಅಂಗಡೀಲಿ ಹೇಳೀನಲ್ಲೇ ಕೂಸೆ!"

"ಬಂದಿತ್ತಾ?"

"ಎಲ್ಲಿ ಬರ್ತೈತೆ."

"ಮತ್ತೆ?"

"ನಾಕು ಜನದಾಗೆ ನಂಗೊಂದು ತೂಕ ಐತೆ."

ತಕ್ಕಡಿಯ ಆ ಕಡೆ ಮಾವನ ತೂಕ, ಈ ಕಡೆ ನನ್ನ ನೌಕರಿ. ಸಹಿ ಹಾಕಲಿಲ್ಲ.

ನವೆಂಬರ್ 9, ಭಾನುವಾರ

ಸೊರಬ. ನಾಗೇಶನ ಮೊಬೈಲ್ ಅಂಗಡಿ. ಬಂದದ್ದು ಫ್ಲೆಕ್ಸ್ ಕೇಳೋಕೆ. ಬೇಡದ ಸ್ಕ್ರೀನ್‌ಗಾರ್ಡ್ ರೇಟು ಮತ್ತೆ ಮತ್ತೆ ಕೇಳಿದೆ. ಕೊನೆಗೆ ಅವನೇ —

"ಅಮ್ಮ ಫೋನ್ ಮಾಡಿದ್ಳು. ತಗಂಡ್ ಹೋಗೆ. ನಾನಂತೂ ಸ್ಟೇಷನ್ ನೋಡ್ಲಿಲ್ಲ, ಅದಾದ್ರೂ ಕೋರ್ಟ್ ನೋಡ್ಲಿ."

"ಎಲ್ಲರ ಮುಂದೆ ಬಿಚ್ತಾರೆ ಕಣೋ."

"ಬಿಚ್ಲಿ. ಮೈ ನಂದಲ್ಲವಲ್ಲ." ನಕ್ಕ. ಸರಿಯಾಗಿ ನಗಲಿಲ್ಲ. "ಅಪ್ಪ ಸೈನ್ ಹಾಕಿದ್ನಾ?"

"ಇಲ್ಲ."

ಒರೆಸಿದ ಗ್ಲಾಸನ್ನೇ ಮತ್ತೆ ಒರೆಸ್ತಾ ಕೂತ.

ನವೆಂಬರ್ 14, ಶುಕ್ರವಾರ

ಅಫಿಡವಿಟ್‌ಗೆ ಸೋಮವಾರವೇ ಕಡೆ ಅಂದಿದ್ದಾರೆ ಮೇಡಂ. ಮಾವ ಫೋನ್ ಎತ್ತುತ್ತಿಲ್ಲ. ಫ್ಲೆಕ್ಸಲ್ಲಿ ಕಿವಿ ಬಿಟ್ಟು ಇಳಿಯದ ಫೋನು!

ಬಸ್ಸಲ್ಲಿ ಚೌಡೇಶ್ ಸಿಕ್ಕಿದ. ಮುಖ ತಿರುಗಿಸೋಣ ಅಂದ್ರೆ ಇದ್ದದ್ದು ಒಂದೇ ಸೀಟು, ಅವನ ಪಕ್ಕ.

"ನೀನು ಕದ್ದೆ ಅಂತ ನಾನು ಬರೆಸಿಲ್ಲ ಸ್ಪಂದನ. ಆದ್ರೆ ಚಾ ಅಂಗಡೀಲಿ ನಿಮ್ಮಾವ ಹೇಳಿದ್ರಲ್ಲ, ಮೇಲಿಂದ ಫೋನ್ ಮಾಡಿದ್ದು ಯಾರು ಅಂತ ನಂಗೂ ಗೊತ್ತಾಗ್ಬೇಕಲ್ಲ? ನಾನೂ ಓದಿದ್ದೆ."

ಬೈಯೋಕೆ ಎಷ್ಟೆಲ್ಲ ತಯಾರಿ ಮಾಡ್ಕೊಂಡಿದ್ದೆ... ಎಲ್ಲ ದಂಡ. ಅವನ ಜಾಗದಲ್ಲಿ ನಾನಿದ್ರೂ ಅದನ್ನೇ ಕೇಳ್ತಿದ್ದೆ.

ನವೆಂಬರ್ 16, ಭಾನುವಾರ. ಸಂಜೆ

ಶಿಕಾರಿಪುರ ಬಸ್‌ಸ್ಟ್ಯಾಂಡ್ ಎದುರು ಹೊಸ ಫ್ಲೆಕ್ಸ್.

"ಕೋರ್ಟಿನಲ್ಲಿ ಸತ್ಯ ಹೇಳಿದ ನಮ್ಮಪ್ಪ ಶ್ರೀ ಹನುಮಂತಪ್ಪನವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ನಾಗೇಶ್, ಪಿಎಸ್‌ಐ ಆಗದವರು."

ಈ ಫ್ಲೆಕ್ಸಿನ ಮಾವನ ಕಿವಿಯಲ್ಲಿ ಫೋನಿಲ್ಲ. ಕಣ್ಣಿಗೆ ಗ್ಲಾಸಿಲ್ಲ. ಸತ್ಯವನ್ನಂತೂ ಇನ್ನೂ ಹೇಳಿಯೇ ಇಲ್ಲ! ಅಪ್ಪನ ವಿದ್ಯೆ, ಅಪ್ಪನ ಮೇಲೇ.

ಮಾವ ಕೆಳಗೇ ನಿಂತಿದ್ದರು. ಚಾ ಅಂಗಡಿಯವ ಕೂಗಿದ — "ಏನ್ರೀ ಹನುಮಂತಪ್ಪಾರೆ, ಭಾರೀ ಧೈರ್ಯ ಮಾಡಿದ್ರಿ ಬಿಡ್ರಿ!"

"ಹೂಂ" ಅಂದರು ಮಾವ. ಫ್ಲೆಕ್ಸ್ ಬಿಚ್ಚಿಸಿ ಅಂತ ಅನ್ನಲಿಲ್ಲ. ಆ ಕೊನೆಯ ಸಾಲನ್ನೇ ಓದ್ತಾ ನಿಂತಿದ್ದರು. ನನ್ನ ಬಸ್ಸು ಹೊರಟಾಗಲೂ ಅಲ್ಲೇ.

ನವೆಂಬರ್ 17, ಸೋಮವಾರ. ಶಿಕಾರಿಪುರ ಕೋರ್ಟ್ ಆವರಣ

ನೋಟರಿ ಮುಂದೆ ಸಾಲು. ಖಾಕಿ ನಾಗೇಶ ಸುರುಳಿಯಾಗಿ ನನ್ನ ತೊಡೆ ಮೇಲೆ. ಅಲುಗಿದರೆ ಜೋಳದ ಕಾಳು ಉದುರುತ್ತೆ. ಕೈ ಸುಮ್ಮನಿರ್ತಿಲ್ಲ, ಬರೀತಿದೀನಿ.

ಮಾವ ನನ್ನ ಕೈಲಿ ಅಫಿಡವಿಟ್ ಓದಿಸಿದರು. "ನನಗೆ ಯಾರಿಂದಲೂ ಯಾವ ಫೋನೂ ಬಂದಿರಲಿಲ್ಲ..."

"ಇದೊಂದು ಸಣ್ಣಕ್ಕೆ ಓದೇ ಕೂಸೆ."

ಸಣ್ಣಕ್ಕೆ ಓದಿದೆ.

ಅಸಲಿ ನಾಗೇಶನೂ ಬಂದ. ಬಸ್‌ಸ್ಟ್ಯಾಂಡಲ್ಲೇ ಇಳಿದನಂತೆ. ಮಾವ ಬೆಂಚಲ್ಲಿ ಸರಿದು ಜಾಗ ಬಿಟ್ಟರು.

ನಮ್ಮ ಸರದಿ. ನೋಟರಿಯ ಪೆನ್ನು ಮೂಡ್ತಿಲ್ಲ. ಮಾವ ನನ್ನ ಕಡೆ ಕೈ ಚಾಚಿದ್ದಾರೆ — "ನಿನ್ ಪೆನ್ ಕೊಡೆ ಇಲ್ಲಿ. ಬೇಗ. ಮನಸ್ಸು ಬದಲಾಗೋದ್ರೊಳಗೆ." ಇರಿ ಮಾವ, ಇದೊಂದು ಸಾಲು